ಯಾವ ಬಾಗಿಲು ಮೊದಲು ತಟ್ಟಬೇಕು? ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗಿರುವ ನೆರವಿನ ಹೋಲಿಕೆ

ಮನೆಯೊಳಗಿನ ಹೊಡೆತ ಬಡಿತ ತಾಳಲಾರದೆ ಹೊರಬಿದ್ದ ಹೆಂಗಸಿಗೆ ಬೆಂಗಳೂರಿನಲ್ಲಿ ಹೋಗಲು ಜಾಗವೇ ಇಲ್ಲ ಎನ್ನುವುದು ಸರಿಯಲ್ಲ. ಹತ್ತು ಹನ್ನೆರಡು ಬಾಗಿಲುಗಳಿವೆ. ಆದರೆ ಒಂದೊಂದನ್ನೂ ಒಂದೊಂದು ಕೆಲಸಕ್ಕೆ ಇಟ್ಟಿದ್ದಾರೆ, ಯಾವುದು ಯಾವುದಕ್ಕೆ ಎಂದು ಹೇಳುವವರು ಸಿಗುವುದಿಲ್ಲ. ಜೀವನಾಂಶ ಬೇಕಾದವರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ವಾರಗಟ್ಟಲೆ ಕಾಯುತ್ತಾರೆ. ಇವತ್ತು ರಾತ್ರಿ ಮಲಗಲು ಜಾಗ ಬೇಕಾದವರು ಮಹಿಳಾ ಆಯೋಗಕ್ಕೆ ಅರ್ಜಿ ಬರೆಯುತ್ತಾರೆ. "ಇದು ನಮ್ಮಲ್ಲಿ ಆಗಲ್ಲಮ್ಮ, ಅಲ್ಲಿಗೆ ಹೋಗಿ" ಎಂದು ಮೂರು ಕಡೆ ಹೇಳಿಸಿಕೊಂಡ ಮೇಲೆ ಅದೇ ಮನೆಗೆ ವಾಪಸಾಗುವವರೇ ಹೆಚ್ಚು.

ಹೀಗಾಗಿ ಇಲ್ಲಿ ಪ್ರತಿ ಬಾಗಿಲನ್ನೂ ಎರಡು ಪ್ರಶ್ನೆಗಳಿಂದ ಅಳೆದಿದ್ದೇವೆ. ಅಲ್ಲಿ ಇವತ್ತು ಏನು ಸಿಗುತ್ತದೆ? ಹೊರಗೆ ಬರುವಾಗ ಕೈಯಲ್ಲಿ ಯಾವ ಕಾಗದ ಇರುತ್ತದೆ? ಎರಡನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಆರು ತಿಂಗಳ ನಂತರ ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲುವುದು ಆ ಕಾಗದವೇ.

ಈ ಗಳಿಗೆಗೆ: 112, 181, 1091

ಮೂರೂ ಸಹಾಯವಾಣಿಗಳೇ, ಆದರೆ ಮಾಡುವ ಕೆಲಸ ಬೇರೆ ಬೇರೆ.

ಹೊಡೆತ ಬೀಳುತ್ತಿದೆ, ಬಾಗಿಲು ಒಡೆಯುತ್ತಿದ್ದಾರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂದಾಗ 112. ಹತ್ತಿರದ ಹೊಯ್ಸಳ ಗಸ್ತು ವಾಹನವನ್ನು ಅಲ್ಲಿಂದ ಕಳುಹಿಸುತ್ತಾರೆ. ಕರೆ ಮಾಡಿದಾಗ ಮೊದಲು ವಿಳಾಸ ಹೇಳಿ, ನಡೆದದ್ದು ಆಮೇಲೆ. ಮಾತಿನ ನಡುವೆ ಫೋನ್ ಕಸಿದುಕೊಂಡರೂ ವಿಳಾಸ ತಲುಪಿರಬೇಕು. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದು 5ನೇ ಕ್ರಾಸ್ ಇದೆ. ಬಡಾವಣೆ, ಹಂತ, ಮೇನ್, ಕ್ರಾಸ್ ಎಲ್ಲವನ್ನೂ ಹೇಳಿ, ಜೊತೆಗೆ ಕಣ್ಣಿಗೆ ಬೀಳುವ ಒಂದು ಗುರುತು, ದೇವಸ್ಥಾನವೋ ನೀರಿನ ಟ್ಯಾಂಕೋ. ಅಪಾರ್ಟ್‌ಮೆಂಟ್ ಆದರೆ ಬ್ಲಾಕ್ ಮತ್ತು ಫ್ಲ್ಯಾಟ್ ಸಂಖ್ಯೆ ಕೊಡಿ. ಪೊಲೀಸರನ್ನು ಒಳಗೆ ಬಿಡುವಂತೆ ಗೇಟಿನವರಿಗೂ ಸಾಧ್ಯವಾದರೆ ತಿಳಿಸಿ.

ಬಂದವರು ಗಂಡನಿಗೆ ಬುದ್ಧಿಮಾತು ಹೇಳಿ ಹೊರಟುಬಿಡುವುದುಂಟು. ಅವರು ಹೋದ ಮೇಲಿನ ಒಂದು ಗಂಟೆಯೇ ಬಹಳ ಅಪಾಯದ್ದು. "ನನಗೆ ಇಲ್ಲಿ ಇರಲು ಭಯ, ಆಸ್ಪತ್ರೆಗೆ ಇಲ್ಲವೇ ಸಖಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ" ಎಂದು ಅವರು ಅಲ್ಲಿರುವಾಗಲೇ ಸ್ಪಷ್ಟವಾಗಿ ಕೇಳಿ. ಸಖಿ ಎಂದರೆ ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ನೆರವಿನ ಕೇಂದ್ರ, ವಿವರ ಮುಂದಿದೆ. ಕರೆ ಮಾಡಿದ ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಮುಂದೆ ದೂರಿನಲ್ಲಿ ಅದನ್ನು ನಮೂದಿಸಬಹುದು.

ಪೊಲೀಸರು ಬರುವುದು ಸದ್ಯಕ್ಕೆ ಬೇಡ, ಆದರೆ ದಾರಿ ಬೇಕು ಎನ್ನುವವರಿಗೆ 181. ದಿನದ 24 ಗಂಟೆಯೂ ಇರುವ ಈ ಮಹಿಳಾ ಸಹಾಯವಾಣಿ ಸಖಿ ಕೇಂದ್ರ, ಆಶ್ರಯ, ಕಾನೂನು ನೆರವು ಇವುಗಳಿಗೆ ಜೋಡಿಸಿಕೊಡುತ್ತದೆ. ನಿಮ್ಮ ಪ್ರದೇಶಕ್ಕೆ ಯಾವ ಸಖಿ ಕೇಂದ್ರ, ಅಲ್ಲಿ ಇವತ್ತು ಜಾಗ ಇದೆಯೇ ಎಂದು ಕೇಳಬೇಕಾದ್ದೂ ಇಲ್ಲೇ. 1091 ನಗರ ಪೊಲೀಸರ ವನಿತಾ ಸಹಾಯವಾಣಿ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಇದು ಶುರುವಾಯಿತು. ಸಂಸಾರದ ಜಗಳಗಳಲ್ಲಿ ಎರಡೂ ಕಡೆಯವರನ್ನು ಕರೆಸಿ ಮಾತನಾಡಿಸುವುದು ಇದರ ಮುಖ್ಯ ಕೆಲಸ. ಅದು ಯಾವಾಗ ಒಳ್ಳೆಯದು, ಯಾವಾಗ ಬೇಡ ಎಂಬುದನ್ನು ಮುಂದೆ ಹೇಳಿದ್ದೇವೆ.

ಉಳಿದ ಸಂಖ್ಯೆಗಳು: ಆನ್‌ಲೈನ್ ವಂಚನೆ, ಫೋಟೊ ಹರಿಬಿಡುವ ಬೆದರಿಕೆಗೆ 1930. ಹದಿನೆಂಟು ತುಂಬದ ಹುಡುಗಿಯ ವಿಷಯವಾದರೆ 1098. ಮನಸ್ಸಿನ ಸಂಕಟಕ್ಕೆ, ಸಾಯುವ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್ 14416. ಇದರ ರಾಷ್ಟ್ರೀಯ ಸಮನ್ವಯ ನಮ್ಮ ನಿಮ್ಹಾನ್ಸ್‌ನದೇ, ಕನ್ನಡದಲ್ಲೇ ಮಾತನಾಡಬಹುದು. ಮಗ ಸೊಸೆ ನೋಡಿಕೊಳ್ಳುತ್ತಿಲ್ಲ, ಆಸ್ತಿ ಬರೆಸಿಕೊಂಡು ಹೊರಗೆ ಹಾಕಿದ್ದಾರೆ ಎನ್ನುವ ವಯಸ್ಸಾದ ತಾಯಂದಿರಿಗೆ 1090. ಅವರ ಜೀವನಾಂಶದ ಅರ್ಜಿ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗುತ್ತದೆ, ಕೌಟುಂಬಿಕ ನ್ಯಾಯಾಲಯದವರೆಗೆ ಅಲೆಯಬೇಕಿಲ್ಲ.

ಸಖಿ ಕೇಂದ್ರ: ಎಲ್ಲಿ ಶುರುಮಾಡಬೇಕೆಂದು ತೋಚದಿದ್ದರೆ

'ಸಖಿ' ಒನ್ ಸ್ಟಾಪ್ ಸೆಂಟರ್ ಯೋಜನೆ 2015ರಲ್ಲಿ ಬಂತು. ಚಿಕಿತ್ಸೆ, ಪೊಲೀಸ್ ದೂರು, ವಕೀಲರು, ಆಪ್ತಸಮಾಲೋಚನೆ, ತಾತ್ಕಾಲಿಕ ತಂಗುವಿಕೆ ಒಂದೇ ಸೂರಿನಡಿ ಸಿಗಲಿ ಎಂಬುದು ಅದರ ಉದ್ದೇಶ. ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಯ ಆವರಣದಲ್ಲೋ ಅದರ ಹತ್ತಿರವೋ ಇರುತ್ತದೆ. ತಂಗಲು ಸಾಮಾನ್ಯವಾಗಿ ಐದು ದಿನ ಮಾತ್ರ. ಇದು ಗೊತ್ತಿಲ್ಲದೆ ಮೂರು ದಿನ ಬರೀ ಸುಧಾರಿಸಿಕೊಂಡು, ಐದನೇ ದಿನ "ಇನ್ನೆಲ್ಲಿಗೆ?" ಎಂದು ಗಾಬರಿಯಾಗುತ್ತಾರೆ. ಹೋದ ಮರುದಿನವೇ ಮುಂದಿನ ಆಶ್ರಯದ ಮಾತೆತ್ತಿ.

ನಮ್ಮ ಅಭಿಪ್ರಾಯದಲ್ಲಿ, ಗಾಯವಾಗಿದೆ, ಜೊತೆಗೆ ಬರಲು ತವರಿನವರಿಲ್ಲ, ಕೈಯಲ್ಲಿ ದುಡ್ಡಿಲ್ಲ ಎನ್ನುವವರಿಗೆ ಠಾಣೆಗಿಂತ ಮೊದಲು ಸಖಿಯೇ ಸರಿ. ಅಲ್ಲಿಂದ ಠಾಣೆಗೆ ಹೋದಾಗ ಜೊತೆಗೊಬ್ಬರು ಸಿಬ್ಬಂದಿ ಇರುತ್ತಾರೆ. ಒಬ್ಬಳೇ ಹೋಗುವುದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಹೋದವರಿಗೆ ಗೊತ್ತು. ಹೊರಡುವಾಗ ನಿಮ್ಮ ಪ್ರಕರಣದ ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ಸಿಬ್ಬಂದಿ ಬದಲಾದರೂ ಕಡತ ಸಿಗಬೇಕು.

ಸಂಬಳ ಬರುವ ಕೆಲಸ, ಜೊತೆಗೆ ನಿಲ್ಲುವ ಅಣ್ಣನೋ ಅಕ್ಕನೋ ಇರುವವರಿಗೆ ಸಖಿಯ ಅಗತ್ಯ ಕಡಿಮೆ. ಅವರು ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು.

ಠಾಣೆಯೋ, ಸಂರಕ್ಷಣಾಧಿಕಾರಿಯೋ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ, ಕೈತಪ್ಪುವುದೂ ಇಲ್ಲೇ.

ಠಾಣೆಯ ದಾರಿ ಶಿಕ್ಷೆಯದು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಮೊದಲಿದ್ದ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಮೂರು ವರ್ಷದವರೆಗೆ ಸಜೆ ಆಗಬಹುದು. ಆದರೆ ಇದರಿಂದ ಬಾಡಿಗೆ ಬರುವುದಿಲ್ಲ, ಮಕ್ಕಳ ಫೀಸು ಬರುವುದಿಲ್ಲ, ಮನೆಯಲ್ಲಿ ಉಳಿಯುವ ಹಕ್ಕೂ ಬರುವುದಿಲ್ಲ.

ಇವೆಲ್ಲ ಸಿಗುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿಂದ. ಮ್ಯಾಜಿಸ್ಟ್ರೇಟರಿಗೆ 12ನೇ ಕಲಂ ಅರ್ಜಿ ಹಾಕಿದರೆ ಒಂದೇ ಅರ್ಜಿಯಲ್ಲಿ ಐದು ಬಗೆಯ ಪರಿಹಾರ ಕೇಳಬಹುದು: ಹಿಂಸೆ ನಿಲ್ಲಿಸುವ ಆದೇಶ, ಮನೆಯಲ್ಲಿ ವಾಸದ ಹಕ್ಕು ಅಥವಾ ಬೇರೆ ಮನೆಯ ಬಾಡಿಗೆ, ತಿಂಗಳ ಖರ್ಚು, ಮಕ್ಕಳ ತಾತ್ಕಾಲಿಕ ಸುಪರ್ದಿ, ಆದ ನೋವಿಗೆ ಪರಿಹಾರದ ಹಣ. ಮದುವೆಯಾದವರಿಗೆ ಮಾತ್ರ ಎಂದುಕೊಳ್ಳಬೇಡಿ. ಒಂದೇ ಮನೆಯಲ್ಲಿ ಬಾಳಿದ ಸಂಗಾತಿ, ತಾಯಿ, ಅಕ್ಕತಂಗಿ, ಮಗಳು, ಅತ್ತೆಯೂ ಅರ್ಜಿ ಹಾಕಬಹುದು. ಮನೆ ಮಾವನ ಹೆಸರಿನಲ್ಲಿದೆ, ನಿನಗೇನೂ ಹಕ್ಕಿಲ್ಲ ಎಂಬ ಬೆದರಿಕೆಗೂ ಉತ್ತರವಿದೆ. ಅತ್ತೆಮಾವನ ಮನೆಯೂ ಕೂಡಿಬಾಳಿದ ಮನೆ ಆಗಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಸಂರಕ್ಷಣಾಧಿಕಾರಿ ಎಂದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನಿಮ್ಮ ಪ್ರದೇಶದ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜನ 'ಸಿಡಿಪಿಒ' ಎನ್ನುವವರು. ಅವರ ಕಚೇರಿ ಎಲ್ಲಿದೆ ಎಂದು ಪಕ್ಕದ ಬೀದಿಯ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮಗುವನ್ನು ಅಂಗನವಾಡಿಗೆ ಬಿಡುವ ನೆಪದಲ್ಲಿ ಕೇಳಬಹುದು, ಮನೆಯವರಿಗೆ ಅನುಮಾನ ಬರುವುದಿಲ್ಲ. ನಡೆದದ್ದನ್ನೆಲ್ಲ ಆ ಅಧಿಕಾರಿ ನಿಗದಿತ ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ಅದಕ್ಕೆ ಕೌಟುಂಬಿಕ ಘಟನಾ ವರದಿ ಅಥವಾ 'ಡಿಐಆರ್' ಎಂದು ಹೆಸರು. ಇದೊಂದು ಬಲವಾದ ಕಾಗದ, ಪ್ರತಿ ಕೇಳಿ ಪಡೆಯಿರಿ. ಆದರೆ ಈ ಅಧಿಕಾರಿಗಳಿಗೆ ಅಂಗನವಾಡಿ, ಪೌಷ್ಟಿಕ ಆಹಾರದ ಕೆಲಸಗಳೇ ಹೊರೆಯಷ್ಟಿರುತ್ತವೆ. ವರದಿ ತಡವಾಗುತ್ತಿದ್ದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಡಿಐಆರ್ ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ನೀವೇ ವಕೀಲರ ಮೂಲಕ ಅರ್ಜಿ ಹಾಕಬಹುದು.

ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ಬಹುಕಾಲದಿಂದ ಎಂ.ಎಂ.ಟಿ.ಸಿ. ನ್ಯಾಯಾಲಯಗಳು ಕೇಳುತ್ತ ಬಂದಿವೆ, ಹೆಸರಿಗೆ ಅವು ಟ್ರಾಫಿಕ್ ಕೋರ್ಟುಗಳು. ಫಲಕ ನೋಡಿ ತಪ್ಪು ಕಡೆ ಬಂದೆವೇನೋ ಎಂದು ವಾಪಸ್ ಹೋಗಬೇಡಿ.

ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಆಗಲು ಪ್ರಯತ್ನಿಸಬೇಕು. ನಿಜದಲ್ಲಿ ಎಳೆಯುತ್ತದೆ, ಅದಕ್ಕೆ ದೊಡ್ಡ ಕಾರಣ ನೋಟಿಸ್ ಜಾರಿಯಾಗದಿರುವುದು. ಗಂಡ ಮನೆ ಬದಲಿಸಿರುತ್ತಾನೆ, ಇಲ್ಲವೇ ಮನೆಯವರು "ಇಲ್ಲ" ಎಂದು ಹೇಳಿ ಕಳುಹಿಸುತ್ತಾರೆ. ಅರ್ಜಿಯಲ್ಲೇ ಅವನ ಕಚೇರಿಯ ವಿಳಾಸ, ಊರಿನ ವಿಳಾಸ, ಫೋನ್ ಸಂಖ್ಯೆ ಎಲ್ಲವನ್ನೂ ಕೊಟ್ಟುಬಿಡಿ. ಜೊತೆಗೆ 23ನೇ ಕಲಂ ಅಡಿ ಮಧ್ಯಂತರ ಆದೇಶದ ಅರ್ಜಿಯನ್ನು ಅಫಿಡವಿಟ್‌ನೊಂದಿಗೆ ಅದೇ ದಿನ ಹಾಕಿಸಿ. ಅಪಾಯ ತುರ್ತಾಗಿದ್ದರೆ ಎದುರಿನವನು ಬರುವ ಮೊದಲೇ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಈ ಎರಡನೇ ಅರ್ಜಿ ಹಾಕದೆ ವರ್ಷಗಟ್ಟಲೆ ಬರಿಗೈಯಲ್ಲಿ ಓಡಾಡುವವರು ಬಹಳ.

ಠಾಣೆಗೆ ಹೋಗುವುದಾದರೆ ಯಾವ ಠಾಣೆ? ಬಸವನಗುಡಿ, ಹಲಸೂರು ಗೇಟ್‌ನಂಥ ಮಹಿಳಾ ಠಾಣೆಗಳಲ್ಲಿ ಸಂಸಾರದ ಪ್ರಕರಣ ನೋಡಿ ನೋಡಿ ಪಳಗಿದ ಸಿಬ್ಬಂದಿ ಇರುತ್ತಾರೆ, ಆದರೆ ಸರದಿ ಉದ್ದ. ಹಲ್ಲೆ ನಿನ್ನೆ ಮೊನ್ನೆಯದಾದರೆ, ಗಾಯ ಇದ್ದರೆ, ನಿಮ್ಮ ಬಡಾವಣೆಯ ಠಾಣೆಯೇ ಬೇಗ. ವ್ಯಾಪ್ತಿ ನಮ್ಮದಲ್ಲ ಎಂದು ಯಾವ ಠಾಣೆಯೂ ದೂರು ತಳ್ಳುವಂತಿಲ್ಲ. ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಗಂಡನ ಮನೆ ಕಲಬುರಗಿಯದೋ ಒಡಿಶಾದ್ದೋ ಆಗಿದ್ದು, ನೀವು ಬಂದು ಬೆಂಗಳೂರಿನಲ್ಲಿ ನೆಲೆಸಿದ್ದರೂ ಇಲ್ಲೇ ದೂರು ಕೊಡಬಹುದು. ಸುಪ್ರೀಂ ಕೋರ್ಟಿನ 2019ರ ತೀರ್ಪು ಇದನ್ನೇ ಹೇಳುತ್ತದೆ. 2005ರ ಕಾಯ್ದೆಯಡಿಯೂ ತಾತ್ಕಾಲಿಕವಾಗಿ ವಾಸವಿರುವ ಊರಿನಲ್ಲಿ ಅರ್ಜಿ ನಡೆಯುತ್ತದೆ.

ದೂರು ಕೊಟ್ಟ ಕೂಡಲೇ ಎಫ್‌ಐಆರ್ ಆಗದಿರಬಹುದು. ಸಂಸಾರದ ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಆದರೆ ದೂರಿಗೆ ಸ್ವೀಕೃತಿ ಕೊಡದೆ ಕಳುಹಿಸಬಾರದು. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಆ ವಿಭಾಗದ ಡಿಸಿಪಿಗೆ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಆ ರಸೀದಿಯೇ ಬೇಕು. ಎಫ್‌ಐಆರ್ ಆದ ದಿನವೇ ಗಂಡನನ್ನು ಬಂಧಿಸುತ್ತಾರೆ ಎಂದು ನಂಬಿ ಅದೇ ಮನೆಯಲ್ಲಿ ಉಳಿಯಬೇಡಿ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಕರೆಸುತ್ತಾರೆ.

ಇನ್ನು ಮುಚ್ಚಳಿಕೆ. "ಇನ್ನು ಮುಂದೆ ಹೊಡೆಯುವುದಿಲ್ಲ" ಎಂದು ಗಂಡನಿಂದ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳುಹಿಸುವುದು ಠಾಣೆಗಳಲ್ಲಿ ಬಹಳ ನಡೆಯುತ್ತದೆ. ಆ ಮುಚ್ಚಳಿಕೆಯನ್ನು ಮುರಿದರೆ ಅದೊಂದೇ ಕಾರಣಕ್ಕೆ ಶಿಕ್ಷೆಯಿಲ್ಲ. ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ನೋಡಲು ಎರಡೂ ಕಾಗದವೇ, ತೂಕ ಬೇರೆ. ಮುಚ್ಚಳಿಕೆ ಆದರೂ ಅದರ ಪ್ರತಿ ತೆಗೆದುಕೊಳ್ಳಿ, ಅವನೇ ಒಪ್ಪಿ ಬರೆದದ್ದು ಮುಂದೆ ಸಾಕ್ಷಿಯಾಗುತ್ತದೆ. "ನನ್ನ ದೂರು ಏನೂ ಇಲ್ಲ" ಎಂಬ ಸಾಲು ಇರುವ ಹಾಳೆಗೆ, ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ಠಾಣೆ ಮತ್ತು ಮ್ಯಾಜಿಸ್ಟ್ರೇಟ್, ಎರಡೂ ದಾರಿಯಲ್ಲಿ ಒಟ್ಟಿಗೆ ಹೋಗಬಹುದು. ಒಂದನ್ನೇ ಆರಿಸಬೇಕೆಂದರೆ, ಗಂಡನಿಗೆ ಶಿಕ್ಷೆಯಾಗುವುದಕ್ಕಿಂತ ಸುರಕ್ಷಿತವಾಗಿ ಬದುಕುವುದು ಮುಖ್ಯ ಎನ್ನುವವರಿಗೆ 2005ರ ಕಾಯ್ದೆಯೇ ಮೊದಲು ಎಂಬುದು ನಮ್ಮ ಸಲಹೆ.

ಕೂರಿಸಿ ಮಾತಾಡಿಸುವುದು

ವನಿತಾ ಸಹಾಯವಾಣಿ, 2000-01ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಸಾಂತ್ವನ ಯೋಜನೆಯ ಕೇಂದ್ರಗಳು, ಸ್ವಯಂಸೇವಾ ಸಂಸ್ಥೆಗಳು, ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರು ಇವರೆಲ್ಲ ಈ ಕೆಲಸ ಮಾಡುತ್ತಾರೆ. ಮಾತು ಬಿಟ್ಟಿರುವುದು, ಅತ್ತೆಮನೆಯವರ ಮೂಗು ತೂರಿಸುವಿಕೆ, ಸಂಬಳದ ಜಗಳ, ಹೆಂಡತಿ ಕೆಲಸಕ್ಕೆ ಹೋಗುವ ವಿಷಯದ ಮನಸ್ತಾಪ ಇವುಗಳಿಗೆ ಇದು ಬಹಳ ಒಳ್ಳೆಯದು, ಕೋರ್ಟಿನ ಖರ್ಚೂ ಉಳಿಯುತ್ತದೆ.

ಆದರೆ ಕುತ್ತಿಗೆ ಹಿಸುಕಿದ್ದಾನೆ, ಕೊಲ್ಲುತ್ತೇನೆಂದಿದ್ದಾನೆ, ಬಸುರಿಯನ್ನು ಹೊಡೆದಿದ್ದಾನೆ ಎಂದಾದರೆ ಗಂಡ ಹೆಂಡತಿಯನ್ನು ಒಂದೇ ಕೋಣೆಯಲ್ಲಿ ಕೂರಿಸುವ ಸಮಾಲೋಚನೆ ಬೇಡವೇ ಬೇಡ. ಎದುರಿಗೆ ಅವನು ಕೂತಿರುವಾಗ ನಿಜ ಬಾಯಿಗೆ ಬರುವುದಿಲ್ಲ, ಬಂದರೆ ಮನೆಗೆ ಹೋದ ಮೇಲೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. "ನನ್ನನ್ನು ಪ್ರತ್ಯೇಕವಾಗಿ ಕೇಳಿ" ಎನ್ನುವುದು ನಿಮ್ಮ ಹಕ್ಕು. ಮೂರು ನಾಲ್ಕು ಬಾರಿ ಕರೆದರೂ ಗಂಡ ಬಾರದಿದ್ದರೆ ಅವನನ್ನು ಎಳೆದು ತರುವ ಅಧಿಕಾರ ಸಮಾಲೋಚಕರಿಗಿಲ್ಲ. ಆ ತಿಂಗಳುಗಳಲ್ಲಿ ಜೀವನಾಂಶದ ಅರ್ಜಿ ಹಾಕದೆ ಕೂತರೆ ನಷ್ಟ ನಿಮಗೇ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಹಿಂಸೆ ಶುರುವಾದ ದಿನದಿಂದಲ್ಲ.

ಎಲ್ಲಿ ಇರುವುದು

ಸಖಿಯ ಐದು ದಿನ ಮುಗಿದ ಮೇಲೆ ತಿಂಗಳುಗಟ್ಟಲೆ ಇರಲು ಶಕ್ತಿ ಸದನಗಳಿವೆ. ಹಳೆಯ ಸ್ವಾಧಾರ ಗೃಹ, ಉಜ್ವಲಾ ಯೋಜನೆಗಳನ್ನು ಸೇರಿಸಿ ಈ ಹೆಸರಿಟ್ಟಿದ್ದಾರೆ, ಹಳೆಯ ಸಿಬ್ಬಂದಿ ಇನ್ನೂ 'ಸ್ವಾಧಾರ' ಎಂದೇ ಕರೆಯುತ್ತಾರೆ. ಹೊಸೂರು ರಸ್ತೆಯಲ್ಲಿ ಸರ್ಕಾರದ ರಾಜ್ಯ ಮಹಿಳಾ ನಿಲಯವಿದೆ. ಊಟ, ವಸತಿ ಉಚಿತ. ಆದರೆ ಹೋಗಿ ಬರುವುದಕ್ಕೆ ನಿಯಮಗಳಿರುತ್ತವೆ. ಕೆಲಸಕ್ಕೆ ಹೋಗುತ್ತಿರುವವರು "ಬೆಳಗ್ಗೆ ಹೋಗಿ ಸಂಜೆ ಬರಲು ಬಿಡುತ್ತೀರಾ? ಫೋನ್ ಇಟ್ಟುಕೊಳ್ಳಬಹುದೇ?" ಎಂದು ಸೇರುವ ಮೊದಲೇ ಕೇಳಬೇಕು. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಹನ್ನೆರಡು ದಾಟಿದ ಮಗನಿದ್ದರೆ ಅವನನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆಗೇ ಎಷ್ಟೋ ತಾಯಂದಿರು ಹೊರಡುವುದನ್ನು ಕೈಬಿಡುತ್ತಾರೆ. ಮಕ್ಕಳ ವಯಸ್ಸು ಹೇಳಿ, ತಾಯಿಮಕ್ಕಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಜಾಗ ಯಾವುದೆಂದು 181ರಲ್ಲಿ ಕೇಳಿ.

ಕೆಲಸ ಇರುವವರಿಗೆ ಕೆಲಸಗಾರ ಮಹಿಳೆಯರ ಹಾಸ್ಟೆಲ್, ಈಗಿನ ಹೆಸರು ಸಖಿ ನಿವಾಸ. ಕೇಂದ್ರದ ಯೋಜನೆಯ ಪ್ರಕಾರ ಮಹಾನಗರಗಳಲ್ಲಿ ತಿಂಗಳಿಗೆ 50,000 ರೂಪಾಯಿ ಒಳಗಿನ ವರಮಾನದವರಿಗೆ. ಇದು ಈ ರಾತ್ರಿಗೆ ಸಿಗುವ ಜಾಗವಲ್ಲ: ಅರ್ಜಿ, ಸಂಬಳದ ಚೀಟಿ, ಕಚೇರಿಯ ಪತ್ರ, ಸ್ಥಳೀಯ ಪೋಷಕರ ಹೆಸರು ಬೇಕು. ಖಾಸಗಿ ಪಿಜಿ ಬೇಗ ಸಿಗುತ್ತದೆ, ಆದರೆ ಯಾರು ಬಂದು ಕೇಳಿದರೂ "ಹೌದು, ಮೂರನೇ ಮಹಡಿ" ಎನ್ನುವ ಪಿಜಿಗಳಿವೆ. ಹಿಂಬಾಲಿಸುವ ಗಂಡನಿಂದ ತಪ್ಪಿಸಿಕೊಂಡವರಿಗೆ ವಿಳಾಸ ಗುಟ್ಟಾಗಿಡುವ ಆಶ್ರಯವೇ ಮೇಲು.

ವಕೀಲರು: ಉಚಿತವೋ, ಹಣ ಕೊಟ್ಟೋ, ಸಂಸ್ಥೆಯ ಮೂಲಕವೋ

ಹೆಣ್ಣು ಎಂಬ ಒಂದೇ ಕಾರಣಕ್ಕೆ, ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಅಡಿ ಉಚಿತ ವಕೀಲರು ಸಿಗುತ್ತಾರೆ. ಬಿಪಿಎಲ್ ಕಾರ್ಡ್ ಕೇಳಿದರೆ ಈ ಕಲಂ ತೋರಿಸಿ. ಸಹಾಯವಾಣಿ 15100. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರವೂ ಕೌಟುಂಬಿಕ ನ್ಯಾಯಾಲಯವೂ ಒಂದೇ ಕಡೆ ಇವೆ. ನಗರ ಜಿಲ್ಲಾ ಪ್ರಾಧಿಕಾರ ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣದಲ್ಲಿದೆ. ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಅಪರಾಧಗಳಲ್ಲಿ ಸರ್ಕಾರದ ಪರಿಹಾರ ಧನಕ್ಕೆ ಅರ್ಜಿ ಕೊಡಬೇಕಾದ್ದೂ ಜಿಲ್ಲಾ ಪ್ರಾಧಿಕಾರಕ್ಕೇ.

ಉಚಿತ ವಕೀಲರಲ್ಲಿ ಬಹಳ ಒಳ್ಳೆಯವರಿದ್ದಾರೆ, ದಿನಾಂಕಕ್ಕೆ ಬಾರದವರೂ ಇದ್ದಾರೆ. ಎರಡು ಸಲ ಬಾರದಿದ್ದರೆ ಪ್ರಾಧಿಕಾರಕ್ಕೆ ಬರೆದು ಬೇರೆಯವರನ್ನು ಕೇಳಿ. ನಿಮ್ಮಿಂದ ಹಣ ಕೇಳಿದರೆ ಅದನ್ನೂ ಬರೆದುಕೊಡಿ. ಗಂಡನಿಗೆ ಹಲವು ಆಸ್ತಿ, ಬೇನಾಮಿ ವ್ಯವಹಾರ, ವಿದೇಶದ ಸಂಬಳ ಇದ್ದರೆ ಆದಾಯ ಬಯಲಿಗೆಳೆಯುವ ಕೆಲಸ ದೊಡ್ಡದು. ಅಂಥಲ್ಲಿ, ಸಾಧ್ಯವಿದ್ದರೆ, ಅದೇ ಕೆಲಸದಲ್ಲಿ ಪಳಗಿದ ಖಾಸಗಿ ವಕೀಲರು ಸರಿ. ಗಂಡ ಅಮೆರಿಕವೋ ದುಬೈಯೋ ಸೇರಿದ್ದರೆ ಅವನ ಪಾಸ್‌ಪೋರ್ಟ್, ವೀಸಾ ಪ್ರತಿ ಮತ್ತು ಅಲ್ಲಿನ ಕಂಪನಿಯ ವಿಳಾಸ ಮೊದಲು ಹುಡುಕಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಪ್ರಕರಣಗಳಿಗೆಂದೇ ಒಂದು ವಿಭಾಗವಿದೆ.

ಮೂರನೆಯದು ಸಂಘಸಂಸ್ಥೆಗಳು. 1979ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ವಿಮೋಚನಾದಂಥವು ಆದೇಶ ಹೊರಡಿಸಲಾರವು, ಆದರೆ ಠಾಣೆಗೆ, ಕೋರ್ಟಿಗೆ, ಆಸ್ಪತ್ರೆಗೆ ಜೊತೆಗೆ ಬರುತ್ತವೆ. ಕಚೇರಿಗಳಲ್ಲಿ ಅಧಿಕಾರಿ ವರ್ಗವಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕು. ಇಲ್ಲಿ ನಿಮ್ಮ ಕಥೆ ಗೊತ್ತಿರುವ ಒಂದು ಮುಖ ವರ್ಷಗಳ ಕಾಲ ಇರುತ್ತದೆ. ಸರ್ಕಾರದ ಕಾಗದ, ಸಂಸ್ಥೆಯ ಆಸರೆ ಎರಡನ್ನೂ ಹಿಡಿದವರು ಕೊನೆಯವರೆಗೆ ನಿಲ್ಲುವುದು ಹೆಚ್ಚು.

ಮಹಿಳಾ ಆಯೋಗ

ಕೆ.ಜಿ. ರಸ್ತೆಯ ಕಾವೇರಿ ಭವನದಲ್ಲಿರುವ ರಾಜ್ಯ ಮಹಿಳಾ ಆಯೋಗ ಕರೆಸಬಹುದು, ವರದಿ ಕೇಳಬಹುದು, ಶಿಫಾರಸು ಮಾಡಬಹುದು. ಜೀವನಾಂಶ ಕೊಡಿಸುವ ಆದೇಶ ಅದರ ಕೈಯಲ್ಲಿಲ್ಲ. ಹಾಗಾಗಿ ಮೊದಲ ಬಾಗಿಲಾಗಿ ಅದನ್ನು ಆರಿಸಬೇಡಿ. ಪೊಲೀಸರು, ಕಚೇರಿಗಳು ಸುಮ್ಮನೆ ಕೂತಾಗ ಅವರನ್ನು ಎಬ್ಬಿಸಲು ಬಳಸಿ. ಹಿಂದೆ ಕೊಟ್ಟ ದೂರುಗಳ ಸ್ವೀಕೃತಿ, ಸ್ಪೀಡ್ ಪೋಸ್ಟ್ ರಸೀದಿ ಜೋಡಿಸಿದ ಅರ್ಜಿಗೆ ಅಲ್ಲಿ ಬೆಲೆ.

ಲೈಂಗಿಕ ದೌರ್ಜನ್ಯವಾದರೆ ಮೊದಲು ಆಸ್ಪತ್ರೆ

ಇಲ್ಲಿ ಕ್ರಮವೇ ಬೇರೆ, ಗಡಿಯಾರ ಓಡುತ್ತಿರುತ್ತದೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ಆದಷ್ಟೂ ಪರಿಣಾಮಕಾರಿ. ದೇಹದ ಸಾಕ್ಷ್ಯವೂ ದಿನ ಕಳೆದಂತೆ ಅಳಿಯುತ್ತದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸಿದರೆ ಒಂದು ವರ್ಷದವರೆಗೆ ಶಿಕ್ಷೆಯಿದೆ. "ಮೊದಲು ಎಫ್‌ಐಆರ್ ತನ್ನಿ" ಎನ್ನುವಂತಿಲ್ಲ. ಸಾಧ್ಯವಾದರೆ ಸ್ನಾನ ಮಾಡದೆ ಹೋಗಿ. ಹಾಕಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿಟ್ಟರೆ ತೇವಕ್ಕೆ ಸಾಕ್ಷ್ಯ ಕೆಡುತ್ತದೆ. ಆದರೆ ಸ್ನಾನ ಮಾಡಿಬಿಟ್ಟೆ, ನಾಲ್ಕು ದಿನ ಕಳೆಯಿತು ಎಂದು ಹೋಗದೆ ಇರಬೇಡಿ. ಚಿಕಿತ್ಸೆಯೂ ದೂರೂ ಎರಡೂ ಆಗಲೂ ಸಾಧ್ಯ. ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು.

ಕೆಲಸದ ಜಾಗದಲ್ಲಿ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಎಚ್‌ಆರ್‌ಗೆ ಬಾಯಲ್ಲಿ ಹೇಳಿ ಕಾಯುತ್ತ ಅವಧಿ ಮೀರಿಸಿಕೊಳ್ಳುವುದು ಐಟಿ ಕಚೇರಿಗಳಲ್ಲಿ ಆಗುವ ತಪ್ಪು. ಸಮಿತಿಯ ಹೆಸರಿಗೆ ಇಮೇಲ್ ಕಳುಹಿಸಿ, ಅದನ್ನು ನಿಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಿ. ಕಚೇರಿಯ ಇಮೇಲ್ ಯಾವಾಗ ಬೇಕಾದರೂ ಬಂದ್ ಆಗಬಹುದು.

ಮನೆಗೆಲಸದವರು, ಸಣ್ಣ ಅಂಗಡಿಯವರು, ಮಾಲೀಕನ ಮೇಲೇ ದೂರಿರುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು, ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಫ್ಯಾಕ್ಟರಿಯ ಸಮಿತಿಗಿಂತ ಯೂನಿಯನ್ ಹತ್ತಿರವಾಗುವುದುಂಟು. ಗಾರ್ಮೆಂಟ್ ಲೇಬರ್ ಯೂನಿಯನ್, ಮನೆಗೆಲಸದವರಿಗೆ ಸ್ತ್ರೀ ಜಾಗೃತಿ ಸಮಿತಿ ಇಂಥ ಬೆಂಬಲ ಕೊಡುತ್ತವೆ. ಸೂಪರ್‌ವೈಸರ್ ಮೇಲೆ ಒಬ್ಬಳೇ ದೂರು ಕೊಟ್ಟರೆ ಲೈನ್ ಬದಲಿಸುತ್ತಾರೆ, ಟಾರ್ಗೆಟ್ ಏರಿಸುತ್ತಾರೆ. ನಾಲ್ವರು ಸೇರಿ ಕೊಟ್ಟರೆ ಹಾಗೆ ಮಾಡುವುದು ಕಷ್ಟ.

ಹೊರಡುವ ಮೊದಲು

ಸಮಯ ಸಿಕ್ಕರೆ ಇಷ್ಟನ್ನು ಜೋಡಿಸಿಕೊಳ್ಳಿ: ನಿಮ್ಮ ಮತ್ತು ಮಕ್ಕಳ ಆಧಾರ್, ರೇಷನ್ ಕಾರ್ಡ್ ಪ್ರತಿ, ಮದುವೆಯ ಪ್ರಮಾಣಪತ್ರ ಅಥವಾ ಲಗ್ನಪತ್ರಿಕೆ ಮತ್ತು ಎರಡು ಫೋಟೊ, ಬ್ಯಾಂಕ್ ಪಾಸ್‌ಬುಕ್, ಒಡವೆಯ ರಸೀದಿ ಅಥವಾ ಒಡವೆ ತೊಟ್ಟ ಫೋಟೊ, ಗಂಡನ ಸಂಬಳದ ಚೀಟಿ, ಆಸ್ಪತ್ರೆಯ ಚೀಟಿಗಳು. ಮೂಲ ಪ್ರತಿ ತೆಗೆದರೆ ಅನುಮಾನ ಬರುವಂತಿದ್ದರೆ ಫೋಟೊ ತೆಗೆದು ನಂಬಿಕಸ್ಥರಿಗೆ ಕಳುಹಿಸಿ, ನಿಮ್ಮ ಫೋನಿನಿಂದ ಅಳಿಸಿ. ಶಾಲೆಯ ಟಿಸಿ ಇಲ್ಲವೆಂದು ಹೆದರಬೇಡಿ, ಎಂಟನೇ ತರಗತಿಯವರೆಗೆ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಖಾತೆಗೇ ಬರುತ್ತಿದ್ದರೂ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿರಬಹುದು. ಬ್ಯಾಂಕಿಗೆ ಹೋಗಿ ಪಿನ್ ಮತ್ತು ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಿಸಿ. ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್' ತೆರೆದು ಬೇರೆ ಕಂಪ್ಯೂಟರ್ ಜೋಡಿಸಿದ್ದರೆ ತೆಗೆಯಿರಿ, ಫೋನಿನ ಲೊಕೇಶನ್ ಹಂಚಿಕೆ ನಿಲ್ಲಿಸಿ. ಇವನ್ನು ಹೊರಡುವ ಹೊತ್ತಿಗೇ ಮಾಡಿ. ವಾರ ಮೊದಲೇ ಮಾಡಿದರೆ ಅವನಿಗೆ ಸುಳಿವು ಸಿಗುತ್ತದೆ. ಕೈಯಲ್ಲಿ ಪುಡಿಗಾಸಿಲ್ಲದಿದ್ದರೂ, ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದು. ಹೊರರಾಜ್ಯದ ಕಾರ್ಡ್ ಇದ್ದವರು ಬಸ್ ಚಾರ್ಜಿಗೆ ಒಂದಿಷ್ಟು ಬೇರೆ ತೆಗೆದಿಟ್ಟಿರಿ.

ನಡೆದ ಘಟನೆಗಳನ್ನು ದಿನಾಂಕದ ಸಮೇತ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ದಿನಾಂಕ ನೆನಪಿಲ್ಲದಿದ್ದರೆ "ಗೌರಿಹಬ್ಬದ ಹಿಂದಿನ ವಾರ", "ಮಗಳ ಪರೀಕ್ಷೆ ನಡೆಯುತ್ತಿದ್ದಾಗ" ಎಂದರೂ ಸಾಕು. ಠಾಣೆ, ಸಂರಕ್ಷಣಾಧಿಕಾರಿ, ವಕೀಲರು ಎಲ್ಲರಿಗೂ ಅದೇ ಹಾಳೆ ನೋಡಿ ಹೇಳಿ. ಒಂದು ಕಡೆ ಮಾರ್ಚ್, ಇನ್ನೊಂದು ಕಡೆ ಮೇ ಎಂದಾದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ.

ಆದೇಶ ಬಂದ ದಿನ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ನಿಮ್ಮ ಠಾಣೆಗೂ ಹೋಗಬೇಕು. ಹೋಗಿದೆಯೆಂದು ನಂಬಿ ಕೂರದೆ ಒಂದು ಜೆರಾಕ್ಸ್ ನೀವೇ ಠಾಣೆಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಇನ್ನೊಂದು ಸದಾ ಬ್ಯಾಗಿನಲ್ಲಿರಲಿ, ಮತ್ತೊಂದು ಮಗುವಿನ ಶಾಲೆಯ ಹೆಡ್‌ಮಿಸ್ ಬಳಿ. ಅವನು ಗೇಟಿನ ಬಳಿ ಬಂದ ದಿನ 112ಕ್ಕೆ ವಿಳಾಸದ ಜೊತೆಗೇ "ನನ್ನ ಬಳಿ ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶವಿದೆ" ಎಂದು ಹೇಳಿ, ಬಂದವರ ಕೈಗೆ ಆ ಪ್ರತಿ ಕೊಡಿ.